ಅಪ್ಪಣೆ ಸಿಕ್ಕಿದೆ, ಪುಸ್ತಕ ಸಿಕ್ಕಿಲ್ಲ

ಹ್ಯಾರಿ ಪಾಟರ್ ಸರಣಿಯ ಎರಡನೆಯ ಪುಸ್ತಕವನ್ನು ಇಂಗ್ಲಿಷ್ ಓದುವ ದೇಶಗಳ ಅಂಧರ ಸಂಸ್ಥೆಗಳು ಐದು ಸಲ ಬ್ರೈಲಿಗೆ ಇಳಿಸಿದವು. ಐದು ಪ್ರತಿ ತೆಗೆದವು ಎಂದಲ್ಲ. ಒಂದು ದೇಶದವರು ಮೊದಲ ಪುಟದಿಂದ ಕಡೆಯ ಪುಟದವರೆಗೆ ಕೂತು ಚುಕ್ಕಿಗಳ ಮೂಲಪ್ರತಿ ಸಿದ್ಧಪಡಿಸಿದ ಮೇಲೂ ಇನ್ನೊಂದು ದೇಶದವರು ಅದೇ ಕೆಲಸವನ್ನು ಅಆಇಈಯಿಂದ ಶುರುಮಾಡಿದರು. ಅವರಾದ ಮೇಲೆ ಮತ್ತೊಬ್ಬರು. ಕಂಪ್ಯೂಟರಿನಲ್ಲಿ ಬಳಸುವ ‘ಡೈಸಿ’ ಪ್ರತಿಯ ಮಟ್ಟಿಗಂತೂ ಈ ಮರುಕೆಲಸ ಎಂಟು ಸಲ ನಡೆಯಿತು. ಇವರಿಗೆ ಒಬ್ಬರ ಪರಿಚಯ ಒಬ್ಬರಿಗೆ ಇರಲಿಲ್ಲವೇ? ಚೆನ್ನಾಗಿಯೇ ಇತ್ತು. ಆದರೆ ಒಂದು ದೇಶದ ಕೃತಿಸ್ವಾಮ್ಯ ಕಾಯ್ದೆ ಕೊಟ್ಟ ವಿನಾಯಿತಿಯಲ್ಲಿ ತಯಾರಾದ ಪ್ರತಿ ಆ ದೇಶದ ಗಡಿ ದಾಟುವಂತಿರಲಿಲ್ಲ.

ಇದು ಉಳ್ಳವರ ಪಾಡು. ಇಲ್ಲದವರದು ಬೇರೆ. ಸ್ಪೇನಿನ ಅಂಧರ ಸಂಸ್ಥೆ ‘ಓನ್ಸೆ’ಯ ಕಪಾಟಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿದ್ದವು. ಅದೇ ಸ್ಪ್ಯಾನಿಷ್ ಆಡುವ ಲ್ಯಾಟಿನ್ ಅಮೆರಿಕದ ಹಲವು ದೇಶಗಳ ಅಂಧರ ಸಂಸ್ಥೆಗಳಲ್ಲಿ ಕೆಲವು ನೂರು, ಕೆಲವು ಸಾವಿರ. ಕಳಿಸುವ ಮನಸ್ಸಿತ್ತು, ಕಡತವೂ ಸಿದ್ಧವಿತ್ತು, ಕಾನೂನಿನ ದಾರಿ ಮಾತ್ರ ಇರಲಿಲ್ಲ. ಜಗತ್ತಿನಲ್ಲಿ ಅಚ್ಚಾಗುವ ಪುಸ್ತಕಗಳಲ್ಲಿ ಕುರುಡರು ಓದಬಹುದಾದ ರೂಪಕ್ಕೆ ಬರುವುದು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಏಳು, ಬಡ ದೇಶಗಳಲ್ಲಿ ಒಂದಕ್ಕಿಂತ ಕಡಿಮೆ ಎಂದು ವಿಶ್ವ ಅಂಧರ ಒಕ್ಕೂಟ ಅಂದಾಜು ಮಾಡಿತ್ತು. ಇದನ್ನು ಅವರು ‘ಪುಸ್ತಕದ ಬರ’ ಎಂದು ಕರೆದರು. ಬರ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದು ಮಳೆ ಕೈಕೊಟ್ಟು ಬಂದ ಬರವಲ್ಲ. ಕಣಜ ತುಂಬಿತ್ತು, ಬಾಗಿಲಿಗೆ ಬೀಗ ಬಿದ್ದಿತ್ತು.

ಆ ಬೀಗ ತೆಗೆಯಲು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯ ದೇಶಗಳು 2013ರ ಜೂನ್ 27ರಂದು ಮೊರಾಕ್ಕೊದ ಮರ್ರಾಕೇಶ್ ನಗರದಲ್ಲಿ ಒಂದು ಒಪ್ಪಂದಕ್ಕೆ ಬಂದವು. ಸಹಿ ಹಾಕಿ ಅನುಮೋದಿಸುವ ಪ್ರತಿ ದೇಶವೂ ತನ್ನ ಕಾಯ್ದೆಯಲ್ಲಿ ಅಂಧರಿಗಾಗಿ, ದೃಷ್ಟಿ ಮಂದವಾದವರಿಗಾಗಿ, ಡಿಸ್ಲೆಕ್ಸಿಯಾದಂಥ ಓದಿನ ತೊಡಕಿರುವವರಿಗಾಗಿ, ಕೈ ಸ್ವಾಧೀನವಿಲ್ಲದೆ ಪುಸ್ತಕ ಹಿಡಿಯಲಾಗದವರಿಗಾಗಿ ಕೃತಿಸ್ವಾಮ್ಯದಿಂದ ವಿನಾಯಿತಿ ಕೊಡಲೇಬೇಕು. ಹಾಗೆ ಮಾಡಿದ ಪ್ರತಿಯನ್ನು ಗಡಿ ದಾಟಿಸಿ ಇನ್ನೊಂದು ಸದಸ್ಯ ದೇಶಕ್ಕೆ ಕಳಿಸಬಹುದು, ಅಲ್ಲಿಂದ ತರಿಸಿಕೊಳ್ಳಬಹುದು. ಕೇಳಲು ಸಪ್ಪೆಯಾಗಿದೆ. ಆದರೆ ಅಂತರರಾಷ್ಟ್ರೀಯ ಕಾನೂನಿನ ವಿದ್ವಾಂಸರು ಈ ಸಪ್ಪೆ ವಾಕ್ಯಗಳ ಬಗ್ಗೆ ಹತ್ತು ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ಅದಕ್ಕೆ ಕಾರಣವಿದೆ.

1886ರ ಬರ್ನ್ ಒಪ್ಪಂದದಿಂದ ಹಿಡಿದು 1994ರ ಟ್ರಿಪ್ಸ್‌ವರೆಗೆ ಬೌದ್ಧಿಕ ಆಸ್ತಿಯ ಒಪ್ಪಂದಗಳೆಲ್ಲ ಒಂದೇ ದಿಕ್ಕಿಗೆ ಓಡಿದವು. ಲೇಖಕನಿಗೆ, ಪ್ರಕಾಶಕನಿಗೆ, ಕಂಪನಿಗೆ ಕನಿಷ್ಠ ಇಷ್ಟು ಹಕ್ಕು ಕೊಡಲೇಬೇಕು ಎಂದು ಅವು ಹೇಳಿದವು. ಹೆಚ್ಚು ಕೊಟ್ಟರೆ ಯಾರೂ ಬೇಡವೆನ್ನಲಿಲ್ಲ. ಓದುಗನ ಪಾಲಿಗೆ ಏನಾದರೂ ಬಿಡಬೇಕೇ ಎಂಬುದು, ಉದ್ಧರಣೆಯಂಥ ಒಂದೆರಡು ಸಂಗತಿ ಬಿಟ್ಟರೆ, ಆಯಾ ದೇಶದ ಮರ್ಜಿ. ಅದಕ್ಕೂ ಕಡಿವಾಣವಿತ್ತು: 1967ರಲ್ಲಿ ಸ್ಟಾಕ್‌ಹೋಮಿನಲ್ಲಿ ಬರ್ನ್ ಒಪ್ಪಂದಕ್ಕೆ ಸೇರಿಸಿದ ‘ಮೂರು ಹಂತದ ಪರೀಕ್ಷೆ’. ವಿನಾಯಿತಿ ವಿಶೇಷ ಸಂದರ್ಭಕ್ಕಷ್ಟೇ ಇರಬೇಕು, ಕೃತಿಯ ಸಹಜ ಮಾರಾಟಕ್ಕೆ ಅಡ್ಡಿಯಾಗಬಾರದು, ಲೇಖಕನ ನ್ಯಾಯವಾದ ಹಿತಕ್ಕೆ ವಿನಾಕಾರಣ ಧಕ್ಕೆ ತರಬಾರದು. ಹಕ್ಕು ಕೊಡುವುದು ಕಡ್ಡಾಯ, ವಿನಾಯಿತಿ ಕೊಡುವುದಾದರೆ ಪರೀಕ್ಷೆ. ಮರ್ರಾಕೇಶ್ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ವಿನಾಯಿತಿ ಕೊಡುವುದನ್ನೇ ಕಡ್ಡಾಯ ಮಾಡುವುದಕ್ಕೆಂದೇ ಬೌದ್ಧಿಕ ಆಸ್ತಿಯ ಲೋಕದಲ್ಲಿ ಹುಟ್ಟಿದ ಮೊದಲ ಒಪ್ಪಂದ ಇದು. ಅದರ ಪೀಠಿಕೆಯಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಹೆಸರಿದೆ, ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಹೆಸರೂ ಇದೆ. ವ್ಯಾಪಾರದ ಮನೆಗೆ ಮಾನವ ಹಕ್ಕು ಮುಂಬಾಗಿಲಿನಿಂದಲೇ ಬಂದ ಸಂದರ್ಭ.

ಅದು ಬರಲು ಇಷ್ಟು ತಡವಾದದ್ದು ಏಕೆ ಎಂಬುದು ಮಜವಾದ ಪ್ರಶ್ನೆ. 1948ರ ಸಾರ್ವತ್ರಿಕ ಘೋಷಣೆಯ 27ನೆಯ ವಿಧಿಯಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿವೆ. ಸಮುದಾಯದ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ, ವಿಜ್ಞಾನದ ಮುನ್ನಡೆಯ ಫಲವನ್ನು ಹಂಚಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ ಎಂಬುದು ಮೊದಲನೆಯದು. ತನ್ನ ಕೃತಿಯಿಂದ ಬರುವ ನೈತಿಕ ಮತ್ತು ಭೌತಿಕ ಹಿತಗಳ ರಕ್ಷಣೆ ಪ್ರತಿ ಲೇಖಕನ ಹಕ್ಕು ಎಂಬುದು ಎರಡನೆಯದು. ಈ ಎರಡನೆಯ ಮಾತು ಬರಲೇಬೇಕೆಂದು ಪಟ್ಟು ಹಿಡಿದವರಲ್ಲಿ ಫ್ರಾನ್ಸ್ ಮುಂದಿತ್ತು. ಬೇಡವೆಂದವರಲ್ಲಿ ಅಮೆರಿಕ, ಬ್ರಿಟನ್ ಇದ್ದವು. ಇವತ್ತು ಕೃತಿಸ್ವಾಮ್ಯದ ಹೆಸರಿನಲ್ಲಿ ಜಗತ್ತಿಗೆಲ್ಲ ಪಾಠ ಹೇಳುವವರು ಅಂದು ಅದು ಮಾನವ ಹಕ್ಕುಗಳ ಪಟ್ಟಿಗೆ ಸೇರುವ ವಿಷಯವೇ ಅಲ್ಲ ಎಂದಿದ್ದರು!

ಆಮೇಲೆ ಸುಮಾರು ಐವತ್ತು ವರ್ಷ ಈ ಎರಡು ಮಾತುಗಳು ಒಂದೇ ಮನೆಯ ಎರಡು ಕೋಣೆಗಳಲ್ಲಿ ಪರಸ್ಪರ ಮುಖ ನೋಡದೆ ಬದುಕಿದವು. ಜಿನೀವಾದ ಒಂದು ಕಟ್ಟಡದಲ್ಲಿ ಮಾನವ ಹಕ್ಕುಗಳವರು, ಇನ್ನೊಂದರಲ್ಲಿ ಪೇಟೆಂಟ್ ಮತ್ತು ಕೃತಿಸ್ವಾಮ್ಯದವರು. ಎಚ್‌ಐವಿ ಔಷಧಗಳ ಬೆಲೆಯ ಜಗಳ ಇವರನ್ನು ಎದುರುಬದುರು ನಿಲ್ಲಿಸಿತು. ಟ್ರಿಪ್ಸ್ ಜಾರಿಯಾಗುವುದಕ್ಕೂ ಜನರ ಆರ್ಥಿಕ, ಸಾಮಾಜಿಕ ಹಕ್ಕುಗಳಿಗೂ ನಿಜವಾದ ತಿಕ್ಕಾಟವಿದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಉಪ ಆಯೋಗ 2000ದಲ್ಲಿ ನಿರ್ಣಯ ಮಾಡಿತು. ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಹೆಲ್ಫರ್ 2003ರಲ್ಲಿ ಒಂದು ಪ್ರಬಂಧ ಬರೆದು ಕೇಳಿದ್ದೂ ಅದನ್ನೇ: ಇವೆರಡರ ನಡುವೆ ಇರುವುದು ಘರ್ಷಣೆಯೋ ಸಹಬಾಳ್ವೆಯೋ? ಆ ಪ್ರಶ್ನೆಯ ಸುತ್ತ ಒಂದು ಅಧ್ಯಯನ ಶಾಖೆಯೇ ಬೆಳೆಯಿತು.

ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಂದು ಸಣ್ಣ ಗೆರೆ. ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಸಮಿತಿ 2005ರಲ್ಲಿ ಹೊರಡಿಸಿದ 17ನೆಯ ಸಾಮಾನ್ಯ ವ್ಯಾಖ್ಯಾನ ಆ ಗೆರೆಯನ್ನು ಎಳೆಯಿತು: ಲೇಖಕನಿಗೆ ಇರುವ ಮಾನವ ಹಕ್ಕು ಬೇರೆ, ಬೌದ್ಧಿಕ ಆಸ್ತಿ ಹಕ್ಕು ಬೇರೆ. ಮೊದಲನೆಯದು ಮನುಷ್ಯನಿಗೆ ಅಂಟಿಕೊಂಡದ್ದು, ಅವನು ತನ್ನ ಕೃತಿಯಿಂದ ಮರ್ಯಾದೆಯಾಗಿ ಬದುಕಲು ಬೇಕಾದದ್ದು. ಎರಡನೆಯದು ಮಾರಬಹುದಾದದ್ದು, ಕೊಳ್ಳಬಹುದಾದದ್ದು, ಕಾಲಮಿತಿಯುಳ್ಳದ್ದು; ಅದು ಬಹುಮಟ್ಟಿಗೆ ಕಂಪನಿಗಳ ಕೈಯಲ್ಲಿರುತ್ತದೆ. ಕಂಪನಿಗೆ ಹಕ್ಕಿಲ್ಲವೆಂದಲ್ಲ, ಅದು ಮಾನವ ಹಕ್ಕಲ್ಲ. ಪಾಕಿಸ್ತಾನದ ಸಮಾಜಶಾಸ್ತ್ರಜ್ಞೆ ಫರೀದಾ ಶಹೀದ್ ಸಾಂಸ್ಕೃತಿಕ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿದ್ದಾಗ 2015ರಲ್ಲಿ ಮಾನವ ಹಕ್ಕುಗಳ ಮಂಡಳಿಯ ಮುಂದಿಟ್ಟ ಕೃತಿಸ್ವಾಮ್ಯದ ವರದಿ ಇದೇ ಗೆರೆಯನ್ನು ಇನ್ನಷ್ಟು ಗಾಢವಾಗಿ ತಿದ್ದಿತು. ಲೇಖಕನನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಮಾತಾಡುವ ಉದ್ಯಮವನ್ನು ಗುರುತಿಸಲು ಈ ಗೆರೆ ತುಂಬ ಉಪಯೋಗಕ್ಕೆ ಬರುತ್ತದೆ.

ಮರ್ರಾಕೇಶ್ ಮಾತುಕತೆಯಲ್ಲಿ ಆ ಮಾತು ಸಾಕಷ್ಟು ಕೇಳಿಬಂತು. ವಿಶ್ವ ಅಂಧರ ಒಕ್ಕೂಟ ಬರೆದುಕೊಟ್ಟ ಕರಡನ್ನು 2009ರಲ್ಲಿ ಬ್ರೆಜಿಲ್, ಎಕ್ವಡಾರ್, ಪರಗ್ವೆ ದೇಶಗಳು ಮಂಡಿಸಿದಾಗ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ, ಒಪ್ಪಂದ ಯಾಕೆ, ಒಂದು ಶಿಫಾರಸು ಸಾಲದೇ ಎಂದವು. ಪ್ರಕಾಶಕರ ಸಂಘಗಳಷ್ಟೇ ಅಲ್ಲ, ಹಾಲಿವುಡ್ಡಿನ ಸ್ಟುಡಿಯೋಗಳ ಸಂಘವೂ ಒಳಗೆ ಬಂದು ಕೂತಿತ್ತು. ಬ್ರೈಲ್ ಪುಸ್ತಕಕ್ಕೂ ಸಿನಿಮಾಕ್ಕೂ ಏನು ಸಂಬಂಧ? ಅವರಿಗಿದ್ದ ಭಯ ಅಂಧರದ್ದಲ್ಲ, ಪೂರ್ವನಿದರ್ಶನದ್ದು. ಇವತ್ತು ಕುರುಡರಿಗೆ ಕೊಟ್ಟರೆ ನಾಳೆ ಗ್ರಂಥಾಲಯದವರು ಕೇಳುತ್ತಾರೆ, ನಾಡಿದ್ದು ಶಾಲೆಯವರು. 2010ರಲ್ಲಿ ಗಾಯಕ ಸ್ಟೀವಿ ವಂಡರ್ ಜಿನೀವಾಕ್ಕೆ ಬಂದು ಪ್ರತಿನಿಧಿಗಳ ಮುಂದೆ ಮಾತಾಡಿದರು. ಒಪ್ಪಂದವಾದರೆ ಬಂದು ಹಾಡುತ್ತೇನೆಂದು ಆಮೇಲೆ ಮಾತೂ ಕೊಟ್ಟರು. ಮರ್ರಾಕೇಶಿನಲ್ಲಿ ಹಾಡಿದರು ಕೂಡ. ಶಿಫಾರಸು ಯಾಕೆ ಸಾಲುತ್ತಿರಲಿಲ್ಲ ಎಂಬುದನ್ನು ಮಾರ್ಗೊಟ್ ಕಮಿನ್ಸ್ಕಿ ಮತ್ತು ಶ್ಲೋಮಿತ್ ಯಾನಿಸ್ಕಿ-ರವೀದ್ ಎಂಬ ವಿದುಷಿಯರು 2014ರ ಲೇಖನದಲ್ಲಿ ವಾದಿಸಿದ್ದಾರೆ. ಹೆಚ್ಚು ಹೇಳಬೇಕಾಗಿಲ್ಲ: 1980ರ ದಶಕದ ಮೊದಲಲ್ಲೇ ಅಂಧರಿಗಾಗಿ ಮಾದರಿ ನಿಯಮಗಳನ್ನು ಬರೆದಾಗಿತ್ತು. ಅವು ಕಡತದಲ್ಲಿ ಬೆಚ್ಚಗೆ ಮಲಗಿದ್ದವು. 2006ರ ಹೊತ್ತಿಗೂ ತಮ್ಮ ಕಾಯ್ದೆಯಲ್ಲಿ ಇಂಥ ವಿನಾಯಿತಿ ಇಟ್ಟುಕೊಂಡಿದ್ದ ದೇಶಗಳು ಅರವತ್ತನ್ನು ಮುಟ್ಟಿರಲಿಲ್ಲ.

ರಾಜಿಯಿಲ್ಲದೆ ಒಪ್ಪಂದವಾಗಲಿಲ್ಲ. ಸಿನಿಮಾ ಹೊರಗೆ ಉಳಿಯಿತು. ಕಿವುಡರೂ ಹೊರಗೆ. ಅವರಿಗೆ ಬೇಕಾದ ಉಪಶೀರ್ಷಿಕೆಯ ಮಾತನ್ನು ಒಪ್ಪಂದ ಎತ್ತುವುದೇ ಇಲ್ಲ. ಪುಸ್ತಕ ಈಗಾಗಲೇ ಅಂಗಡಿಯಲ್ಲಿ ಸುಗಮ ರೂಪದಲ್ಲಿ ಸಿಗುವಂತಿದ್ದರೆ ವಿನಾಯಿತಿ ಬೇಡ ಎನ್ನುವ ಸ್ವಾತಂತ್ರ್ಯವನ್ನೂ, ಪ್ರತಿಗಿಷ್ಟು ಎಂದು ಸಂಭಾವನೆ ನಿಗದಿಮಾಡುವ ಸ್ವಾತಂತ್ರ್ಯವನ್ನೂ ದೇಶಗಳಿಗೆ ಬಿಟ್ಟಿದ್ದಾರೆ. ಹೆಲ್ಫರ್, ಮಾಲಿ ಲ್ಯಾಂಡ್, ರೂತ್ ಒಕೆಡಿಜಿ, ಜೆರೋಮ್ ರೈಕ್‌ಮನ್ ಸೇರಿ 2017ರಲ್ಲಿ ವಿಶ್ವ ಅಂಧರ ಒಕ್ಕೂಟಕ್ಕಾಗಿ ಬರೆದ ಕೈಪಿಡಿ, ಇಂಥ ಐಚ್ಛಿಕ ಕಲಮುಗಳನ್ನು ಮಾನವ ಹಕ್ಕಿನ ಗುರಿಯಿಟ್ಟುಕೊಂಡು ಓದಬೇಕು ಎನ್ನುತ್ತದೆ. ಅವರ ಪ್ರಕಾರ ಇದು ಮಾನವ ಹಕ್ಕಿನ ಊರು ಸೇರಲು ಕೃತಿಸ್ವಾಮ್ಯದ ಬಂಡಿ ಹತ್ತಿದ ಒಪ್ಪಂದ. ಬಂಡಿ ಹೇಗಿದೆ ಎಂಬ ಚರ್ಚೆಯಲ್ಲಿ ಊರು ಮರೆಯಬಾರದು.

ಇದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರ ಜೂನ್‌ನಲ್ಲಿ. ಇಪ್ಪತ್ತು ದೇಶಗಳು ಸೇರಿದ ಮೇಲೆ 2016ರ ಸೆಪ್ಟೆಂಬರ್ 30ರಂದು ಒಪ್ಪಂದ ಜಾರಿಗೆ ಬಂತು. ಈಗ ನೂರಕ್ಕೂ ಹೆಚ್ಚು ದೇಶಗಳು ಅದರ ವ್ಯಾಪ್ತಿಯಲ್ಲಿವೆ. ನಾವು ಮೊದಲಿಗರಾದದ್ದಕ್ಕೆ ಕಾರಣ ಮನೆಗೆಲಸ ಮೊದಲೇ ಮುಗಿದಿತ್ತು. 2010ರಲ್ಲಿ ಸಂಸತ್ತಿಗೆ ಬಂದ ಕೃತಿಸ್ವಾಮ್ಯ ತಿದ್ದುಪಡಿ ಮಸೂದೆ ಬ್ರೈಲಿನಂಥ ‘ವಿಶೇಷ’ ರೂಪಗಳಿಗೆ ಮಾತ್ರ ವಿನಾಯಿತಿ ಕೊಡುವುದರಲ್ಲಿತ್ತು. ಬ್ರೈಲ್ ಬಾರದೆ ಕಂಪ್ಯೂಟರಿನಲ್ಲಿ ಕೇಳಿಸಿಕೊಂಡು ಓದುವ ಲಕ್ಷಾಂತರ ಮಂದಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಚೆನ್ನೈನ ವಕೀಲ ರಾಹುಲ್ ಚೆರಿಯನ್, ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ನಿರ್ಮಿತಾ ನರಸಿಂಹನ್ ಮೊದಲಾದವರು ‘ಓದುವ ಹಕ್ಕು’ ಎಂಬ ಹೆಸರಿನಲ್ಲಿ ಊರೂರು ಸುತ್ತಿ ಆ ಪದವನ್ನು ಬದಲಾಯಿಸಿದರು. 2012ರಲ್ಲಿ ಬಂದ 52(1)(ಝಡ್‌ಬಿ) ಕಲಮು ‘ಯಾವುದೇ ಸುಗಮ ರೂಪ’ ಎನ್ನುತ್ತದೆ, ಯಾವುದೇ ಅಂಗವೈಕಲ್ಯಕ್ಕೂ ಅನ್ವಯಿಸುತ್ತದೆ. ಮರ್ರಾಕೇಶ್ ಕೇಳಿದ್ದಕ್ಕಿಂತ ದೊಡ್ಡ ಕೈ. ಚೆರಿಯನ್ 2013ರ ಫೆಬ್ರುವರಿಯಲ್ಲಿ ತೀರಿಕೊಂಡರು. ಒಪ್ಪಂದಕ್ಕೆ ಇನ್ನು ನಾಲ್ಕೇ ತಿಂಗಳಿತ್ತು.

ಆ ಕಲಮಿನಿಂದ ಆದದ್ದೇನು ಎಂಬುದಕ್ಕೆ ಒಂದು ಉದಾಹರಣೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಲೇಖಕ ಸತ್ತ ಮೇಲೆ 60 ವರ್ಷ ಎಂಬ ನಮ್ಮ ಕಾಯ್ದೆಯ ಲೆಕ್ಕದಲ್ಲಿ ಅವರ ಬರಹದ ಕೃತಿಸ್ವಾಮ್ಯ 2035ರ ಕೊನೆಯವರೆಗೂ ಇರುತ್ತದೆ. ಹಾಗಿದ್ದರೂ ಇವತ್ತು ಒಬ್ಬ ತಾಯಿ ತನ್ನ ಕಣ್ಣು ಕಾಣದ ಮಗನಿಗೆ ಕಗ್ಗವನ್ನು ಬ್ರೈಲಿಗೆ ಇಳಿಸಬಹುದು, ಲಾಭಕ್ಕಲ್ಲದೆ ದುಡಿಯುವ ಒಂದು ಸಂಸ್ಥೆ ಧ್ವನಿಮುದ್ರಿಸಿ ಓದುಗರಿಗೆ ಹಂಚಬಹುದು. ಯಾರ ಅಪ್ಪಣೆಯೂ ಬೇಡ. ದಕ್ಷಿಣ ಆಫ್ರಿಕದಲ್ಲಿ ಇಷ್ಟಕ್ಕೇ ಸಂವಿಧಾನ ನ್ಯಾಯಾಲಯದವರೆಗೆ ಹೋಗಬೇಕಾಯಿತು. ವರ್ಣಭೇದದ ಕಾಲದಲ್ಲಿ, 1978ರಲ್ಲಿ ಬರೆದ ಅಲ್ಲಿನ ಕೃತಿಸ್ವಾಮ್ಯ ಕಾಯ್ದೆ ಅಂಧರಿಗೆ ವಿನಾಯಿತಿ ಕೊಟ್ಟಿರಲಿಲ್ಲ. ‘ಬ್ಲೈಂಡ್ ಎಸ್‌ಎ’ ಎಂಬ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ 2022ರ ಸೆಪ್ಟೆಂಬರ್ 21ರಂದು ಆ ನ್ಯಾಯಾಲಯ, ಹೀಗೆ ಓದಿನಿಂದ ದೂರವಿಡುವುದು ಸಮಾನತೆಗೂ ಘನತೆಗೂ ಶಿಕ್ಷಣದ ಹಕ್ಕಿಗೂ ವಿರುದ್ಧ ಎಂದು ಸಾರಿತು. ಸಂಸತ್ತು ಕಾಯ್ದೆ ತಿದ್ದುವವರೆಗೆ ಕಾಯುವಂತೆ ಅಂಧರಿಗೆ ಹೇಳದೆ, ಬೇಕಾದ ಕಲಮನ್ನು ತಾನೇ ಕಾಯ್ದೆಯೊಳಕ್ಕೆ ಸೇರಿಸಿ ಓದಿತು. ಆಗ ದಕ್ಷಿಣ ಆಫ್ರಿಕ ಮರ್ರಾಕೇಶ್ ಒಪ್ಪಂದಕ್ಕೆ ಸೇರಿರಲಿಲ್ಲ. ಒಪ್ಪಂದ ಮಾಡಬೇಕಾದ ಕೆಲಸವನ್ನು ಸಂವಿಧಾನ ಮಾಡಿತು. ವಿದ್ವಾಂಸರಿಗೆ ಈ ತೀರ್ಪು ಇಷ್ಟವಾಗುವುದು ಅದಕ್ಕೇ.

ಇಲ್ಲಿಯವರೆಗಿನದು ಅಪ್ಪಣೆಯ ಕಥೆ. ನನಗೆ ಅನುಮಾನ ಶುರುವಾದದ್ದು ತುಮಕೂರಿನ ಕಡೆಯ ಹೈಸ್ಕೂಲೊಂದರಲ್ಲಿ ಪಾಠ ಮಾಡುವ ಸ್ನೇಹಿತರ ಮನೆಯಲ್ಲಿ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಹೊಸ ಕಾದಂಬರಿಯೊಂದರ ಪಿಡಿಎಫ್ ಅನ್ನು ಲೇಖಕರೇ ಪ್ರೀತಿಯಿಂದ ಕಳಿಸಿದ್ದರು. ಮೇಷ್ಟ್ರು ಸ್ಕ್ರೀನ್ ರೀಡರ್ ಚಾಲೂ ಮಾಡಿ, “ಕೇಳಿ ಸಾರ್, ನಿಮ್ಮ ಕನ್ನಡ” ಎಂದರು. ಯಂತ್ರ ಗಂಭೀರವಾಗಿ ಓದಿತು: ಪಿ, ಪೌಂಡ್, ಕ್ಯೂ. ಮುಂದಿನ ಸಾಲೂ ಹಾಗೆಯೇ. ಪರದೆಯ ಮೇಲೆ ನನಗೆ ಕಾಣುತ್ತಿದ್ದದ್ದು ಮುತ್ತಿನಂಥ ಅಕ್ಷರಗಳು.

ಆದದ್ದಿಷ್ಟು. ನಮ್ಮಲ್ಲಿ ಬಹಳಷ್ಟು ಪುಸ್ತಕಗಳ ಪುಟವಿನ್ಯಾಸ ಇವತ್ತಿಗೂ ಯೂನಿಕೋಡಿಗೆ ಮುಂಚಿನ ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಆಗುತ್ತದೆ. ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುವ ಫಾಂಟುಗಳು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಂಪ್ಯೂಟರ್ ಒಳಗೆ ಬರೆದುಕೊಳ್ಳುವುದು ಪಿ ಅಕ್ಷರವನ್ನು, ಬ್ರಿಟಿಷ್ ಪೌಂಡಿನ ಗುರುತನ್ನು, ಕ್ಯೂ ಅಕ್ಷರವನ್ನು, ನಡುನಡುವೆ ಯುರೋಪಿನ ಭಾಷೆಗಳ ಒಂದೆರಡು ಅಕ್ಷರಗಳನ್ನು. ಕಣ್ಣಿಗೆ ಕನ್ನಡ, ಕಿವಿಗೆ ಪೌಂಡು. ಪರಿವರ್ತಕಗಳಿವೆ, ಆದರೆ ಪುಟವಿನ್ಯಾಸದ ಕಡತದಿಂದ ಕಿತ್ತು ತೆಗೆದ ಪಠ್ಯದಲ್ಲಿ ಅವು ಒತ್ತಕ್ಷರ, ಅರ್ಕಾವತ್ತುಗಳ ಹತ್ತಿರ ಎಡವುತ್ತವೆ. ಯಾರಾದರೂ ಕೂತು ತಿದ್ದಬೇಕು. ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದರೂ ಅಷ್ಟೇ, ಮೊಳೆ ಜೋಡಿಸಿ ಅಚ್ಚುಹಾಕಿದ ಹಳೆಯ ಪುಸ್ತಕವಾದರೆ ಇನ್ನೂ ಕಷ್ಟ. ಕಾನೂನು ಬಾಗಿಲು ತೆರೆದಿಟ್ಟಿದೆ, ಒಳಗೆ ಹೋದವರಿಗೆ ಪೌಂಡು ಸಿಗುತ್ತಿದೆ.

ಈಚಿನ ವರ್ಷಗಳ ಚರ್ಚೆ ತಿರುಗಿರುವುದೂ ಈ ಕಡೆಗೇ. ವಿನಾಯಿತಿ ಎಂದರೆ ಅಡ್ಡ ಬರುವುದಿಲ್ಲ ಎಂಬ ಭರವಸೆ ಮಾತ್ರ. ತಂದುಕೊಡುವ ಹೊಣೆ ಯಾರದೂ ಅಲ್ಲ. ಪ್ರಕಾಶಕ ಕಡತ ಕೊಡಬೇಕೆಂದು ಮರ್ರಾಕೇಶ್ ಹೇಳುವುದಿಲ್ಲ, ನಮ್ಮ 52ನೆಯ ಕಲಮೂ ಹೇಳುವುದಿಲ್ಲ. ಅದನ್ನು ಹೇಳತೊಡಗಿರುವುದು ಬೇರೆ ಕಾನೂನುಗಳು. ಐರೋಪ್ಯ ಒಕ್ಕೂಟದ 2019ರ ಸುಗಮ್ಯತಾ ನಿರ್ದೇಶನ 2025ರ ಜೂನ್ 28ರಿಂದ ಜಾರಿಯಲ್ಲಿದ್ದು, ಅಲ್ಲಿ ಮಾರುವ ಇ-ಪುಸ್ತಕಗಳು ಹುಟ್ಟುವಾಗಲೇ ಅಂಧರೂ ಓದುವಂತಿರಬೇಕು ಎನ್ನುತ್ತದೆ. ನಮ್ಮ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು, ಬ್ಯಾಂಕು-ಮೊಬೈಲುಗಳ ಇ-ಕೆವೈಸಿಯಲ್ಲಿ ಕಣ್ಣು ಮಿಟುಕಿಸಲಾಗದವರು, ಕಣ್ಣಿಲ್ಲದವರು ಪಡುವ ಪಾಡನ್ನು ಕುರಿತ ತೀರ್ಪಿನಲ್ಲಿ, ಡಿಜಿಟಲ್ ಸೌಲಭ್ಯ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದಿತು. ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆ. ಕೊಳ್ಳುವಾಗ ಜೊತೆಗೊಂದು ಯೂನಿಕೋಡ್ ಕಡತವನ್ನೂ ಕೊಡಿ ಎಂದು ಅದು ಷರತ್ತು ಹಾಕಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಾಗಿಲ್ಲ. ಖರೀದಿಯ ಅರ್ಜಿಯಲ್ಲಿ ಒಂದು ಸಾಲು ಸಾಕು.

ಪರಿಚಯದ ಪ್ರಕಾಶಕರೊಬ್ಬರಿಗೆ ಇದನ್ನೇ ಹೇಳಿದೆ. ಒಳ್ಳೆಯ ಮನುಷ್ಯ, ಕೈಯಿಂದ ಹಾಕಿ ಪುಸ್ತಕ ಮಾಡುವವರು. “ಫೈಲ್ ಕೊಟ್ಟರೆ ನಾಳೆ ಬೆಳಗ್ಗೆ ವಾಟ್ಸ್ಯಾಪಿನಲ್ಲಿ ಓಡಾಡುತ್ತೆ ಸಾರ್, ಆಮೇಲೆ ನಾನೇನು ತಿನ್ನಲಿ?” ಎಂದರು. ಅವರ ಭಯ ಸುಳ್ಳಲ್ಲ. ನನ್ನ ಫೋನು ತೆಗೆದು ತೋರಿಸಿದೆ: ಅವರ ಎರಡು ಪುಸ್ತಕಗಳು ಆಗಲೇ ಓಡಾಡುತ್ತಿದ್ದವು. ಯಾರೋ ಪುಟಪುಟವನ್ನೂ ಫೋಟೊ ತೆಗೆದು ಹೊಲಿದಿದ್ದರು. ಅವು ಚಿತ್ರಗಳು, ಸ್ಕ್ರೀನ್ ರೀಡರಿಗೆ ಖಾಲಿ ಹಾಳೆ. ಕಳ್ಳಪ್ರತಿಯೂ ಕಣ್ಣಿದ್ದವರ ಪಾಲಿಗೇ. ಅವರು ತುಸು ಹೊತ್ತು ನೋಡಿ, “ನೋಡೋಣ” ಎಂದರು. ಕನ್ನಡದಲ್ಲಿ ‘ನೋಡೋಣ’ಕ್ಕೆ ಎರಡು ಅರ್ಥಗಳಿವೆ, ಯಾವುದೆಂದು ಕೇಳಲಿಲ್ಲ.

ಮೇಷ್ಟ್ರು ಕಾದಂಬರಿಯನ್ನು ಬಿಟ್ಟಿಲ್ಲ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಸ್ವಯಂಸೇವಕರಿಂದ ಪುಸ್ತಕ ಓದಿಸಿ ಧ್ವನಿಮುದ್ರಿಸಿಕೊಳ್ಳುವ ಹಾಗೆ ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಒಪ್ಪಿಸಿದ್ದಾರೆ. ಅವಳು ರಾತ್ರಿ ಊಟವಾದ ಮೇಲೆ ಅಧ್ಯಾಯಕ್ಕೊಂದರಂತೆ ಫೋನಿನಲ್ಲಿ ಓದಿ ಕಳಿಸುತ್ತಾಳೆ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ತಮ್ಮನ ಗಲಾಟೆ. ಹದಿಮೂರು ಅಧ್ಯಾಯ ಬಂದಿದೆ. ಹದಿನಾಲ್ಕನೆಯದು ಮೂರು ವಾರದಿಂದ ಬಂದಿಲ್ಲ, ಅವಳಿಗೆ ಬಿ.ಎಡ್. ಪರೀಕ್ಷೆ.